ಮೇಲ್ನೋಟದ ಸಮಿತಿ

“ಯಾವಳೇ ಅದು ಒಳಗೆ? ಎದ್ದು ಬಾ ಆಚೆ! ನಿಮ್ಮಪ್ಪ ಕಟ್ಟಿಸಿದ್ದು ಅಂದ್ಕೊಂಡಿದೀಯಾ ಇದನ್ನ?”

ಡ್ರೆನ್ನನ್ ಬಾಗಿಲು ಗುದ್ದಿದ ರಭಸಕ್ಕೆ ಲುವೆಲ್ಲಾಗೆ ಬರುತ್ತಿದ್ದದ್ದೂ ನಡುವೆಯೇ ನಿಂತುಹೋಯಿತು. ಉಚ್ಚೆ ಇಳಿಸುವ ಬಿಪಿ ಮಾತ್ರೆ ನುಂಗಿದವಳು ಹೀಗೆ ನಡುವೆ ನಿಲ್ಲಿಸಿಕೊಳ್ಳುವುದೆಂದರೆ ಏನೆಂಬುದು ಆ ಮಾತ್ರೆ ನುಂಗಿದವರಿಗೇ ಗೊತ್ತು. ಪ್ಯಾಂಟು ಮೇಲೆಳೆದುಕೊಂಡು ಚಿಲಕ ತೆಗೆದಳು. ಸ್ಟೇಡಿಯಂ ಮ್ಯಾನೇಜರ್ ಡ್ರೆನ್ನನ್ ಎದುರಿಗೇ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಅವನ ಹಿಂದೆ ಇಬ್ಬರು ಅತಿಥಿಗಳು ಬಿಯರ್ ಲೋಟ ಹಿಡಿದುಕೊಂಡು, ಕೆಲಸದವಳು ಕೂತೆದ್ದ ಕಮೋಡನ್ನು ಬಗ್ಗಿ ಬಗ್ಗಿ ನೋಡುತ್ತಿದ್ದರು.

“ತಡ್ಕೊಳಕ್ಕಾಗ್ಲಿಲ್ಲ ಸಾರ್. ಮಾತ್ರೆ ತಗಂಡಿದ್ದೆ.”

“ಈ ಮಹಡಿ ಟಾಯ್ಲೆಟ್ಟು ಟಿಕೆಟ್ ತಗೊಂಡೋರಿಗೆ. ನಿಮಗೆ ಅಂತ ಕೆಳಗಡೆ ಇಟ್ಟಿಲ್ವಾ?”

“ಅಷ್ಟು ದೂರ ಹೋಗಿ ಬರೋ ಹೊತ್ಗೆ...”

“ಹೊತ್ತಾಗುತ್ತೆ ಅಂದ್ರೆ ಓಡು. ಕಾಲಿಲ್ವಾ? ಹೋಗೋಕೆ ಮುಂಚೆ ಆ ಸೀಟು ಒರೆಸು. ಎರಡು ಸಲ ಒರೆಸು.”

ಲುವೆಲ್ಲಾ ಎರಡು ಸಲ ಒರೆಸಿದಳು. ಆ ಸೀಟನ್ನು ದಿನವೂ ಒರೆಸುವವಳು ಅವಳೇ. ಕುಡಿದ ಗಂಡಸರು ಗುರಿ ತಪ್ಪಿ ಮಾಡಿದ್ದನ್ನೆಲ್ಲ ಮಂಡಿಯೂರಿ ಬಳಿಯುವಾಗ ಯಾರಿಗೂ ಮೈಲಿಗೆಯಾಗಿರಲಿಲ್ಲ, ಅವಳು ಕೂತದ್ದೇ ತಡ ಆಗಿಹೋಯಿತು.

ಅದು ಸೂಟ್ ಮಹಡಿ. ಸೂಟೆಂದರೆ ಆಟದಂಕಣದ ನೆತ್ತಿಯ ಮೇಲೆ ಕಟ್ಟಿದ ಗಾಜಿನ ಕೋಣೆ. ಊರಿನ ದುಡ್ಡಿದ್ದವರು ಅಲ್ಲಿ ಚರ್ಮದ ಕುರ್ಚಿಯಲ್ಲಿ ಕೂತು, ಕೋಳಿ ರೆಕ್ಕೆ ಚೀಪುತ್ತ, ಆಟಕ್ಕೆ ಬೆನ್ನು ಹಾಕಿ ವ್ಯಾಪಾರ ಮಾತಾಡುತ್ತಾರೆ. ಹಿಂದೆ ಇದೇ ಮಹಡಿಯಲ್ಲಿ ಕೆಲಸದವರಿಗೂ ಒಂದು ಟಾಯ್ಲೆಟ್ಟಿತ್ತು. ಹೋದ ವರ್ಷ ಕೌಂಟಿಯ, ಅಂದರೆ ಜಿಲ್ಲೆಯ, ಮಾರಾಟ ತೆರಿಗೆಯ ದುಡ್ಡಿನಲ್ಲಿ ನವೀಕರಣ ನಡೆದಾಗ ಅದನ್ನು ಒಡೆದು ವೈನ್ ಬಾಟಲಿಗಳಿಗೆ ತಂಪು ಕೋಣೆ ಮಾಡಿದರು. ವೈನಿಗೆ ಸೆಕೆಯಾಗಬಾರದಂತೆ. ಕೆಲಸದವರಿಗೆ ಲಾರಿಗಳು ಸಾಮಾನು ಇಳಿಸುವ ಅಂಗಳದಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಡಬ್ಬ ತಂದು ನಿಲ್ಲಿಸಿದರು. ಚಳಿಗಾಲದಲ್ಲಿ ಸರೋವರದ ಕಡೆಯಿಂದ ಗಾಳಿ ಬೀಸಿದರೆ ಅದರ ಸೀಟಿಗೆ ಚರ್ಮವೇ ಅಂಟಿಕೊಳ್ಳುತ್ತದೆ.

ಅತಿಥಿಗಳ ಲಿಫ್ಟನ್ನು ಸಮವಸ್ತ್ರದವರು ಮುಟ್ಟುವಂತಿಲ್ಲ. ಲುವೆಲ್ಲಾ ಮಾಪಿನ ಬಕೆಟ್ ತಳ್ಳಿಕೊಂಡು ಇಳಿಜಾರು ಹಾದಿ ಹಿಡಿದಳು. ಅವತ್ತು ಭಾನುವಾರ ಮಧ್ಯಾಹ್ನದ ಆಟ. ಊರಿನ ಬ್ಯಾಸ್ಕೆಟ್‌ಬಾಲ್ ತಂಡದ ಹೆಸರು ಮಸ್ಕ್‌ರ್ಯಾಟ್ಸ್, ಅಂದರೆ ನೀರಿಲಿಗಳು. ಆ ಇಲಿಗಳು ಎಂದೂ ಇಲ್ಲದೆ ಅವತ್ತು ಗೆಲ್ಲುತ್ತಿದ್ದವು. ಇಳಿಜಾರಿನ ತುಂಬ ಜನ ಕುಣಿಯುತ್ತಿದ್ದರು. “ಯಾರ ಮನೆ ಇದು?” ಎಂದು ಮೈಕಿನವನು ಅರಚಿದ. “ನಮ್ಮನೆ! ನಮ್ಮನೆ!” ಎಂದು ಸ್ಟೇಡಿಯಮ್ಮೇ ಕಿತ್ತುಹೋಗುವಂತೆ ಜನ ಕೂಗಿದರು. ಲುವೆಲ್ಲಾ ಜನರನ್ನು ಸರಿಸಿಕೊಂಡು, ತೊಡೆ ಬಿಗಿಹಿಡಿದು, ಹಲ್ಲು ಕಚ್ಚಿ ಅರ್ಧ ಹಾದಿ ಇಳಿದಳು. ಎರಡನೇ ಸಲ “ನಮ್ಮನೆ!” ಎನ್ನುವಾಗ ಅವಳ ಕೈಯಲ್ಲಾಗಲಿಲ್ಲ. ಬಿಸಿಬಿಸಿಯಾಗಿ ಕಾಲಿನುದ್ದಕ್ಕೂ ಇಳಿದು ಬೂಟು ತುಂಬಿ ನೆಲಕ್ಕೆ ಹರಿಯಿತು.

ಪಕ್ಕದಲ್ಲಿದ್ದ ಒಬ್ಬ ಸಂಭಾವಿತ ಮನುಷ್ಯ ಅದನ್ನು ನೋಡಿದ.

“ಅಮ್ಮಾ, ಇಲ್ಲಿ ಯಾರೋ ಬಿಯರ್ ಚೆಲ್ಲಿದಾರೆ ನೋಡಿ. ಯಾರಾದ್ರೂ ಜಾರಿ ಬಿದ್ದಾರು, ಸ್ವಲ್ಪ ಒರೆಸಿಬಿಡಿ.”

“ಆಯ್ತು ಸಾರ್,” ಎಂದಳು ಲುವೆಲ್ಲಾ. ಒರೆಸಿದಳು. ಮೊಮ್ಮಕ್ಕಳನ್ನು ಕಂಡ ಹೆಂಗಸು ತನ್ನ ಉಚ್ಚೆಯನ್ನು ತಾನೇ ಸಾವಿರ ಜನರ ನಡುವೆ ಒರೆಸಿ, ಹಿಂಡಿ, ಬಕೆಟ್ಟಿಗೆ ತುಂಬಿಕೊಂಡಳು. ಅವಳಿಗೆ ನಾಚಿಕೆಯಾಯಿತು. ನಾಚಿಕೆಯಾದದ್ದಕ್ಕೆ ಸಿಟ್ಟು ಬಂತು.

ಕೆಲಸದವರು ಕೂತು ಉಣ್ಣುವ ಜಾಗ ಹಿಂದಿನ ಮೆಟ್ಟಿಲ ಕೆಳಗೆ, ಹಿಮ ಕರಗಿಸುವ ಉಪ್ಪಿನ ಚೀಲಗಳ ನಡುವೆ. ಅಲ್ಲಿ ಟ್ವೈಲಾ ತನ್ನ ಚೀಲದಿಂದ ಒಂದು ಪ್ಯಾಂಟು ತೆಗೆದುಕೊಟ್ಟಳು. ಟ್ವೈಲಾ ತೆಂಕಣ ಬೆಟ್ಟದ ಸೀಮೆಯ ಬಿಳಿ ಹೆಂಗಸು. ಮುಂದಿನ ಹಲ್ಲು ಎರಡಿಲ್ಲ, ನಾಲಗೆಗೆ ಲಂಗುಲಗಾಮಿಲ್ಲ.

“ಬಿಯರ್ ಅಂದ್ನಾ? ಅಯ್ ಬೋಳಿಮಗನೆ! ಒಂದು ಲೋಟಕ್ಕೆ ಹಿಡಿದು ಕೊಟ್ಟಿದ್ರೆ ದುಡ್ಡು ಕೊಟ್ಟು ಕುಡೀತಿದ್ದ ಕಣೇ. ಇಲ್ಲಿ ಮಾರೋದೂ ಅದೇ ರುಚಿ ಐತೆ.”

ಲುವೆಲ್ಲಾಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಬಂದ ನೀರು ನಗು ನಿಂತ ಮೇಲೂ ನಿಲ್ಲಲಿಲ್ಲ.

ಎವಾರಿಸ್ತೊ ಬುತ್ತಿಗೆ ತಂದ ತಮಾಲೆ ಕಡುಬಿಗೆ ಸುತ್ತಿದ್ದ ಮುಸುಕಿನ ಜೋಳದ ಸಿಪ್ಪೆ ಬಿಡಿಸುವುದನ್ನು ಬಿಟ್ಟು ತಲೆ ತಗ್ಗಿಸಿ ಕೂತ. ಅವನು ಗ್ವಾಟೆಮಾಲದವನು. ಈ ದೇಶದಲ್ಲಿರಲು ಅವನ ಬಳಿ ಕಾಗದಪತ್ರ ಇದೆಯೋ ಇಲ್ಲವೋ ಯಾರೂ ಕೇಳುವುದಿಲ್ಲ, ಅವನೂ ಹೇಳುವುದಿಲ್ಲ.

“ನಾನಂತೂ ಕೆಲಸಕ್ಕೆ ಬಂದ ದಿನ ನೀರೇ ಮುಟ್ಟಲ್ಲ ಅಕ್ಕಾ,” ಎಂದ. “ಕುಡುದ್ರೆ ತಾನೇ ಹೋಗೋ ರಗಳೆ? ಈಗ ಹೊಟ್ಟೇಲಿ ಕಲ್ಲಾಗೈತೆ ಅಂತವ್ರೆ ಡಾಕ್ಟ್ರು. ನೀರು ಕುಡಿಯಪ್ಪ ಅಂತವ್ರೆ. ನೀರು ಕುಡಿಯೋಕೆ ಡ್ರೆನ್ನನ್ ಹತ್ರ ಚೀಟಿ ಬರಿಸ್ಕಂಡು ಬರ್ಲಾ ಅಂದೆ.”

“ಹೋಗ್ಲಿ, ಇವಳಿಗೆ ಹಂಗೇ ಆಗ್ಬೇಕು,” ಟ್ವೈಲಾ ಲುವೆಲ್ಲಾಳ ತೊಡೆಗೆ ಚಿವುಟಿದಳು. “ತೆರಿಗೆಗೆ ಓಟು ಹಾಕ್ರಪ್ಪೋ ಅಂತ ಬೀದಿ ಬೀದಿ ತಿರುಗಿದ ಪುಣ್ಯಾತ್ಗಿತ್ತಿ ಇವಳೇ ಅಲ್ವಾ?”

ಅದು ನಿಜ. ಈ ಕೌಂಟಿಯಲ್ಲಿ ಜನ ಓಟು ಹಾಕದೆ ಹೊಸ ತೆರಿಗೆ ಬರುವುದಿಲ್ಲ. ಸ್ಟೇಡಿಯಂ ಹಳತಾಗಿದೆ, ದುಡ್ಡು ಕೊಡದಿದ್ದರೆ ತಂಡ ಬೇರೆ ಊರಿಗೆ ಹೋಗುತ್ತದೆ ಎಂದಾಗ ಲುವೆಲ್ಲಾ ತನ್ನ ಮನೆ ಮುಂದೆ ‘ನಮ್ಮ ಮನೆ’ ಎಂಬ ಹಲಗೆ ನೆಟ್ಟಿದ್ದಳು. ಚರ್ಚಿನಲ್ಲಿ ಅಕ್ಕತಂಗಿಯರ ಕೈ ಹಿಡಿದು ಓಟು ಕೇಳಿದ್ದಳು. ತಂಡ ಹೋದರೆ ಕೆಲಸ ಹೋಗುತ್ತದಲ್ಲ ಎಂಬ ಭಯ. ಓಟು ಗೆದ್ದಿತು. ಅಂದಿನಿಂದ ಸೋಪು ಕೊಂಡರೂ, ಬೂಟು ಕೊಂಡರೂ, ಗಂಡನನ್ನು ಹೂಳುವಾಗ ಹಾಕಲು ಕೋಟು ಕೊಂಡರೂ ಬಿಲ್ಲಿನ ಕೊನೆಯಲ್ಲಿ ಒಂದು ಚೂರು ಸ್ಟೇಡಿಯಂಗೆ ಹೋಗುತ್ತಿತ್ತು. ನಿಮ್ಮಪ್ಪ ಕಟ್ಟಿಸಿದ್ದಾ ಎಂದಿದ್ದ ಡ್ರೆನ್ನನ್. ಅಪ್ಪ ಅಲ್ಲ ಕಣೋ ಬೇವರ್ಸಿ, ನಾನೇ ಕಟ್ಟಿಸಿದ್ದು ಎಂದು ಲುವೆಲ್ಲಾಗೆ ಈಗ ಹೊಳೆಯಿತು.

“ಆ ದುಡ್ಡು ಸರಿಯಾಗಿ ಖರ್ಚಾಗ್ತೈತಾ ಅಂತ ನೋಡೋಕೆ ಸಮಿತಿ ಐತಲ್ಲ?” ಎಂದಳು.

“ಐತಲ್ಲ, ಮೇಲ್ನೋಟದ ಸಮಿತಿ!” ಟ್ವೈಲಾ ಬೆರಳನ್ನು ಮೇಲಕ್ಕೆ ತೋರಿಸಿದಳು. “ಮೇಲಿಂದಾನೇ ನೋಡೋದು.”

ಅದರ ಸರಿಯಾದ ಹೆಸರು ಮೇಲುಸ್ತುವಾರಿ ಸಮಿತಿ. ಕೆಲಸದವರ ಬಾಯಲ್ಲಿ ಅದು ಮೇಲ್ನೋಟದ ಸಮಿತಿಯಾಗಿತ್ತು. ಸ್ಟೇಡಿಯಂ ಹೇಗೆ ನಡೆಯುತ್ತಿದೆಯೆಂದು ಕಣ್ಣಾರೆ ಕಾಣಲೆಂದು ಸಮಿತಿಗೆ ಪ್ರತಿ ಆಟಕ್ಕೂ ಒಂದು ಸೂಟು ಪುಕ್ಕಟೆ ಬಿಟ್ಟುಕೊಟ್ಟಿದ್ದರು. ಸದಸ್ಯರು, ಅವರ ಹೆಂಡಿರು, ಹೆಂಡಿರ ಅಣ್ಣತಮ್ಮಂದಿರು ಬಂದು ಗಾಜಿನ ಹಿಂದೆ ಕೂತು ಮೇಲುಸ್ತುವಾರಿ ಮಾಡಿ ಎದ್ದು ಹೋಗುತ್ತಿದ್ದರು. ಅವರು ಚೆಲ್ಲಿದ ಕೋಳಿ ಮೂಳೆ ಬಾಚುತ್ತಿದ್ದವಳು ಲುವೆಲ್ಲಾ.

“ಅವ್ರ ಸಭೇಲಿ ಯಾರು ಬೇಕಾದ್ರೂ ಮಾತಾಡ್ಬೋದಂತೆ,” ಎಂದ ಎವಾರಿಸ್ತೊ. “ಮೂರು ನಿಮಿಷ ಕೊಡ್ತಾರಂತೆ.”

“ಉಚ್ಚೆ ಹುಯ್ಯೋಕೆ ಅಷ್ಟು ಸಾಕು,” ಎಂದಳು ಟ್ವೈಲಾ.

ಲುವೆಲ್ಲಾ ಹೋದಳು. ಚರ್ಚಿಗೆ ಹಾಕುವ ನೇರಳೆ ಉಡುಪು, ಅದಕ್ಕೊಪ್ಪುವ ಅಗಲ ಟೋಪಿ. ಸಭೆ ಕೋರ್ಟಿನ ಕಟ್ಟಡದಲ್ಲಿ. ಎತ್ತರದ ಮೇಜಿನ ಹಿಂದೆ ಸದಸ್ಯರು, ನಡುವೆ ಅಧ್ಯಕ್ಷ ಥ್ರಾಶರ್. ಊರಿನಲ್ಲಿ ಕಾರು ಮಾರುವ ಅಂಗಡಿಗಳೆಲ್ಲ ಅವನವೇ. ನಕ್ಕರೆ ಟೀವಿ ಜಾಹೀರಾತಿನಂತೆಯೇ ನಗುತ್ತಿದ್ದ. ಪಕ್ಕದಲ್ಲಿ ಕೌಂಟಿಯ ಗುಮಾಸ್ತೆ ಪ್ರೂಡೆನ್ಸ್, ಕೂದಲನ್ನು ಎಳೆದು ಬಿಗಿದು ಕಟ್ಟಿದ ಹುಡುಗಿ. ನಿಯಮ ಎಂದರೆ ಅವಳಿಗೆ ದೇವರ ವಾಕ್ಯ. ಅವಳು ಗುಂಡಿ ಒತ್ತಿದರೆ ಹಸಿರು ದೀಪ, ಮೂರು ನಿಮಿಷ ಮುಗಿದರೆ ಕೆಂಪು.

ಹಸಿರು ಹತ್ತಿತು.

“ನನ್ನ ಹೆಸರು ಲುವೆಲ್ಲಾ ಪಿಟ್‌ಮನ್. ನಿಮ್ಮ ಸ್ಟೇಡಿಯಂನಾಗೆ ಗುಡಿಸಿ ಒರೆಸೋಳು.”

“ನಮ್ಮದಲ್ಲ ತಾಯಿ, ನಿಮ್ಮದು,” ಥ್ರಾಶರ್ ನಕ್ಕ. “ಅದು ನಮ್ಮೆಲ್ಲರ ಮನೆ.”

“ಹಂಗಾದ್ರೆ ಸ್ವಾಮಿ, ನನ್ನ ಮನೇನಾಗೆ ನಾನು ಉಚ್ಚೆ ಎಲ್ಲಿ ಹುಯ್ಬೇಕು, ಒಸಿ ಹೇಳಿ.”

ಹಿಂದೆ ಯಾರೋ ಕಿಸಕ್ಕೆಂದರು. ಥ್ರಾಶರನ ನಗು ಬಾಯಲ್ಲಿತ್ತು, ಕಣ್ಣಿನಿಂದ ಹೋಗಿತ್ತು.

“ಭಾಷೆ, ಭಾಷೆ. ಸ್ವಲ್ಪ ಮರ್ಯಾದೆಯಿಂದ ಮಾತಾಡಿ.”

“ಮರ್ಯಾದಸ್ತರು ಅದಕ್ಕೆ ಏನಂತಾರೆ ಹೇಳಿ, ನಾನೂ ಅದನ್ನೇ ಅಂತೀನಿ. ನಮಗಿದ್ದ ಟಾಯ್ಲೆಟ್ಟು ಒಡೆದು ಹೆಂಡ ಇಡೋ ಕೋಣೆ ಮಾಡವ್ರೆ. ನಾವು ಲಾರಿ ಅಂಗಳಕ್ಕೆ ಓಡ್ಬೇಕು. ಓಡೋಕಾಗ್ದೆ...” ಅಷ್ಟು ಜನರ ಮುಂದೆ ಆ ಇಳಿಜಾರಿನ ಮಾತು ಬಾಯಿಗೆ ಬರಲಿಲ್ಲ.

“ನೋಡಿ ತಾಯಿ, ಕೆಲಸದವರ ವಿಷಯ ನಮ್ಮ ವ್ಯಾಪ್ತಿಗೆ ಬರಲ್ಲ. ಅದು ಸ್ಟೇಡಿಯಂ ನಡೆಸೋ ಕಂಪನಿಗೆ ಬಿಟ್ಟಿದ್ದು. ಇವತ್ತಿನ ವಿಷಯ ಹೊಸ ಸ್ಕೋರ್‌ಬೋರ್ಡು. ಅದರ ಬಗ್ಗೆ ಏನಾದ್ರೂ ಇದ್ರೆ ಹೇಳಿ.”

“ಒಡೆದಿದ್ದು ನಮ್ಮ ತೆರಿಗೆ ದುಡ್ನಾಗೆ ತಾನೆ? ಒಡೆಯೋಕೆ ನಿಮ್ಮ ವ್ಯಾಪ್ತಿ, ಕಟ್ಟೋಕೆ ಅಲ್ವಾ?”

ದೀಪ ಕೆಂಪಾಯಿತು. ಪೊಲೀಸಿನವನು ಬಂದು ಅವಳ ಮೊಣಕೈ ಹಿಡಿದ. ಥ್ರಾಶರ್ ದೊಡ್ಡ ಮನಸ್ಸು ಮಾಡಿದ.

“ಮುಂದಿನ ಸಭೆ ಸ್ಟೇಡಿಯಂನಲ್ಲೇ ಇಟ್ಕೊಂಡಿದೀವಿ. ನವೀಕರಣ ಆಗಿರೋದನ್ನೆಲ್ಲ ತಿರುಗಾಡಿ ನೋಡ್ತೀವಿ. ಸಾರ್ವಜನಿಕರಿಗೆಲ್ಲ ಆಹ್ವಾನ. ನೀವೂ ಬನ್ನಿ, ಕಾಫಿ ಇರುತ್ತೆ.”

“ಕಾಫಿ ಕುಡಿಸಿ ಆಮೇಲೆ ಎಲ್ಲಿಗೆ ಕಳಿಸ್ತೀರಿ?” ಎಂದಳು ಲುವೆಲ್ಲಾ, ಬಾಗಿಲಾಚೆ ದಾಟುತ್ತ.

ಅವಳು ಕೆಲಸಕ್ಕೆ ಮರಳುವ ಹೊತ್ತಿಗೆ ಡ್ರೆನ್ನನ್‌ಗೆ ಸುದ್ದಿ ಮುಟ್ಟಿತ್ತು. ಅವನು ಕಿರುಚಲಿಲ್ಲ. ಒಂದು ಬ್ರಷ್ಷು, ಒಂದು ಕ್ಯಾನು ಫಿನಾಯಿಲು ಅವಳ ಕೈಗಿತ್ತ.

“ಟಾಯ್ಲೆಟ್ ಅಂದ್ರೆ ನಿಂಗೆ ಅಷ್ಟು ಪ್ರೀತಿ ಅಂತ ಗೊತ್ತಿರಲಿಲ್ಲ ನೋಡು. ಇನ್ನು ಮೇಲೆ ನೀಲಿ ಡಬ್ಬ ನಿಂದೇ. ದಿನಾ ತೊಳಿ. ಕೌಂಟಿಯವರ ಮುಂದೆ ಇನ್ನೊಂದ್ಸಲ ಬಾಯಿ ಬಿಟ್ರೆ ನಿನ್ನ ಬಿಲ್ಲೆ ಕಿತ್ಕೊಂಡು ಮನೆಗೆ ಕಳಿಸ್ತೀನಿ.”

ಬಿಲ್ಲೆಯೆಂದರೆ ಕತ್ತಿನಲ್ಲಿ ನೇತಾಡುವ ಗುರುತಿನ ಚೀಟಿ. ಅದು ಹೋದರೆ ಬಾಡಿಗೆ ಹೋಯಿತು, ಮಾತ್ರೆ ಹೋಯಿತು. ಲುವೆಲ್ಲಾ ಬ್ರಷ್ಷು ತೆಗೆದುಕೊಂಡು ಹೋಗಿ ಡಬ್ಬ ತೊಳೆದಳು. ತೊಳೆಯುತ್ತ ತೊಳೆಯುತ್ತ, ಮುಂದಿನ ಸಭೆಗೂ ಹೋಗುವುದೆಂದು ಅವಳ ಮನಸ್ಸು ಗಟ್ಟಿಯಾಯಿತು.

ಸಮಿತಿ ಬಂದ ದಿನ ಅವಳ ರಜೆ. ಅದೇ ನೇರಳೆ ಉಡುಪು, ಅದೇ ಟೋಪಿ. ಉಳಿದ ಕೆಲಸದವರನ್ನೆಲ್ಲ ಡ್ರೆನ್ನನ್ ಬೆಳಗಿನಿಂದಲೇ ಸೂಟ್ ಮಹಡಿಗೆ ತಂದು ನೆಲ ತಿಕ್ಕಿಸುತ್ತಿದ್ದ. ಸಮಿತಿಯವರು ಮೊದಲು ಸೂಟಿನಲ್ಲಿ ಕೂತು ಸ್ಕೋರ್‌ಬೋರ್ಡಿಗೆ ಕೈಯೆತ್ತಿ ಒಪ್ಪಿಗೆ ಕೊಟ್ಟರು. ಕಾಫಿ ಕುಡಿದರು, ಬಿಯರೂ ಕುಡಿದರು. ಆಮೇಲೆ ತಿರುಗಾಟ ಹೊರಟಿತು. ಸಾರ್ವಜನಿಕರೆಂದು ಬಂದಿದ್ದವರು ನಾಲ್ಕಾರು ಮುದುಕರು, ಒಬ್ಬ ಪತ್ರಿಕೆಯವನು, ಮತ್ತು ಲುವೆಲ್ಲಾ.

ಕೌಂಟಿಯಲ್ಲಿ ಒಂದು ನಿಯಮವಿದೆ. ಸಮಿತಿ ಎಲ್ಲಿ ಸೇರಿದೆಯೋ ಅದೇ ಸಭೆ, ಅದರ ಬಾಗಿಲಿಗೆ ನೋಟೀಸು ಇರಲೇಬೇಕು, ಬಾಗಿಲು ತೆರೆದಿರಲೇಬೇಕು. ಸಮಿತಿ ನಡೆದಾಡುತ್ತಿದ್ದರೆ ಏನು ಮಾಡುವುದೆಂದು ನಿಯಮ ಬರೆದವರು ಯೋಚಿಸಿರಲಿಲ್ಲ. ಪ್ರೂಡೆನ್ಸ್ ಯೋಚಿಸಿದ್ದಳು. ‘ಸಾರ್ವಜನಿಕ ಸಭೆ ನಡೆಯುತ್ತಿದೆ. ಎಲ್ಲರಿಗೂ ಪ್ರವೇಶ’ ಎಂಬ ಹಾಳೆ ಒಂದು ಕೈಯಲ್ಲಿ, ಅಂಟುಪಟ್ಟಿ ಇನ್ನೊಂದು ಕೈಯಲ್ಲಿ. ಸಮಿತಿ ಹೊಕ್ಕ ಬಾಗಿಲಿಗೆಲ್ಲ ಅದನ್ನು ಅಂಟಿಸುವುದು, ಅವರು ಹೊರಬಂದ ಕೂಡಲೇ ಕಿತ್ತು ಮುಂದಿನ ಬಾಗಿಲಿಗೆ ಓಡುವುದು. ವೈನಿನ ಕೋಣೆಗೂ ಅಂಟಿಸಿದಳು. ಅಲ್ಲಿ ಲುವೆಲ್ಲಾ ಒಂದು ಬಾಟಲಿಯ ನೆತ್ತಿ ಸವರಿ, “ನನ್ನ ಕಮೋಡು ಇಲ್ಲೇ ಇತ್ತು,” ಎಂದು ಪತ್ರಿಕೆಯವನಿಗೆ ತೋರಿಸಿದಳು. ಡ್ರೆನ್ನನ್ ಹಲ್ಲು ಕಡಿದ.

ಕೊನೆಗೆ ಹೊಸ ಟಾಯ್ಲೆಟ್ಟು, ಅವತ್ತು ಲುವೆಲ್ಲಾಳನ್ನು ಎಬ್ಬಿಸಿದ್ದು ಇಲ್ಲಿಂದಲೇ. ಗಂಡು ಹೆಣ್ಣೆಂಬ ಭೇದವಿಲ್ಲದೆ ಎಲ್ಲರಿಗೂ ಒಂದೇ, ಒಳಗೆ ಸಾಲಾಗಿ ಬಾಗಿಲಿನ ಗೂಡುಗಳು.

“ಇಟಲಿಯ ಅಮೃತಶಿಲೆ,” ಎಂದ ಡ್ರೆನ್ನನ್.

“ಬನ್ನಿ, ಬನ್ನಿ, ಇದನ್ನೂ ನೋಡೋಣ,” ಥ್ರಾಶರ್ ಸದಸ್ಯರನ್ನೆಲ್ಲ ಒಳಗೆ ಕರೆದ. ಬಿಯರಿನ ಲಹರಿಯಲ್ಲಿದ್ದ. “ನಡಾವಳಿಯಲ್ಲಿ ಬರ್ಕೊಳ್ಳಮ್ಮ. ಸಮಿತಿ ಶೌಚಾಲಯದಲ್ಲಿ ಸಭೆ ಸೇರಿತು!”

ಎಲ್ಲರೂ ನಕ್ಕರು. ಪ್ರೂಡೆನ್ಸ್ ನಗಲಿಲ್ಲ, ಬರೆದುಕೊಂಡಳು. ಆಮೇಲೆ ಟಾಯ್ಲೆಟ್ಟಿನ ಬಾಗಿಲಿಗೆ ನೋಟೀಸು ಅಂಟಿಸಿ, ನಾಲ್ಕೂ ಮೂಲೆ ಒತ್ತಿದಳು.

ಲುವೆಲ್ಲಾ ಆ ಹಾಳೆಯನ್ನು ಓದಿದಳು. ಇನ್ನೊಂದು ಸಲ ಓದಿದಳು. ಕೈಚೀಲವನ್ನು ಕಂಕುಳಲ್ಲಿ ಬಿಗಿಮಾಡಿಕೊಂಡು ಒಳಗೆ ಹೊರಟಳು. ಡ್ರೆನ್ನನ್ ಅಡ್ಡ ಬಂದ.

“ಎಲ್ಲಿಗೆ?”

“ಸಭೆಗೆ.”

“ಇದು ನಿಂಗಲ್ಲ ಅಂತ ಎಷ್ಟು ಸಲ ಬಡ್ಕೋಬೇಕು?”

“ಅವರನ್ನ ತಡೆಯೋ ಹಾಗಿಲ್ಲ ಸಾರ್,” ಎಂದಳು ಪ್ರೂಡೆನ್ಸ್. “ಸಭೆ ನಡೀತಿರೋ ಜಾಗಕ್ಕೆ ಸಾರ್ವಜನಿಕರನ್ನ ಬಿಡದಿದ್ರೆ ಇವತ್ತಿನ ಸಭೆಯೇ ಅಸಿಂಧು. ಪಾಸಾಗಿದ್ದೆಲ್ಲ ಬಿದ್ದುಹೋಗುತ್ತೆ.”

“ಸ್ಕೋರ್‌ಬೋರ್ಡೂನಾ?” ಥ್ರಾಶರ್ ತಿರುಗಿದ.

“ಸ್ಕೋರ್‌ಬೋರ್ಡೂ.”

“ಬಿಡ್ರೀ ಅವಳನ್ನ,” ಎಂದ ಥ್ರಾಶರ್.

ಲುವೆಲ್ಲಾ ಸದಸ್ಯರ ನಡುವೆ ಹಾದು ಕೊನೆಯ ಗೂಡಿಗೆ ಹೋಗಿ ಚಿಲಕ ಹಾಕಿದಳು. ಉಡುಪು ಎತ್ತುವ ಸದ್ದಾಯಿತು. ಆಮೇಲೆ ಇನ್ನೊಂದು ಸದ್ದು. ಇಟಲಿಯ ಅಮೃತಶಿಲೆಯ ಗುಣವೋ ಏನೋ, ಅದು ಮೂಲೆ ಮೂಲೆಗೆ ಬಡಿದು ದುಪ್ಪಟ್ಟಾಗಿ ಕೇಳಿಸಿತು. ನಿಧಾನವಾಗಿ, ಧಾರಾಳವಾಗಿ, ಯಾರ ಹಂಗೂ ಇಲ್ಲದೆ ನಡೆಯಿತು. ಸದಸ್ಯರೊಬ್ಬರು ನಲ್ಲಿಯನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸತೊಡಗಿದರು.

“ಮಾತಾಡೋಕೆ ನನ್ನ ಹೆಸರು ಬರ್ಕಳವ್ವ,” ಒಳಗಿನಿಂದ ದನಿ ಬಂತು.

ಪ್ರೂಡೆನ್ಸ್ ಗಡಿಯಾರ ನೋಡಿದಳು. “ಮೂರು ನಿಮಿಷ. ಶುರು ಮಾಡಿ.”

“ಹೋದ ಸಲ ಹೇಳೋಕೆ ನಾಚ್ಕೆ ಆಯ್ತು. ಈಗ ಬಾಗಿಲು ಹಾಕೈತೆ, ಹೇಳ್ತೀನಿ. ಆವತ್ತು ನೀರಿಲಿಗಳು ಗೆದ್ದ ಭಾನುವಾರ, ಇಳಿಜಾರಿನಾಗೆ, ಜನದ ಮಧ್ಯೆ, ನಾನು ನಿಂತಂಗೇ ಹುಯ್ಕಂಡೆ. ಮಗು ಹುಯ್ಕಣಂಗೆ. ಬಿಯರ್ ಚೆಲ್ಲೈತೆ, ಒರೆಸು ಅಂದ್ರು. ಒರೆಸ್ದೆ. ನನ್ನ ಗಂಡನ ಹೆಣದ ಕೋಟಿನ ಮ್ಯಾಲೂ ನಿಮಗೆ ತೆರಿಗೆ ಕೊಟ್ಟಿವ್ನಿ ಸ್ವಾಮಿ. ಈ ಕಲ್ಲಿಗೆ ಕೊಟ್ಟಿವ್ನಿ, ಈ ನಲ್ಲಿಗೆ ಕೊಟ್ಟಿವ್ನಿ. ನಾನು ಕೂತ್ರೆ ಎರಡು ಸಲ ಒರೆಸು ಅಂತಾರೆ. ನೀವು ಎದ್ದೋದ್ಮ್ಯಾಲೆ ನಾನೇ ಒರೆಸೋದು, ನಿಮ್ಮ ಒಬ್ಬೊಬ್ಬರ ಮುಕ್ಳಿ ಗುರ್ತು ಈ ಸೀಟಿನ ಮ್ಯಾಲೆ ನಂಗೈತೆ. ನಿಮ್ದೇನು ಬಂಗಾರದ್ದಲ್ಲ.”

ಡ್ರೆನ್ನನ್ ಓಡಿಬಂದು ಗೂಡಿನ ಬಾಗಿಲಿಗೆ ಬಾಯಿಟ್ಟ. “ನಿನ್ನ ಬಿಲ್ಲೆ ತೆಗಿ! ಇವತ್ತಿಂದ ನೀನು ಕೆಲಸದಲ್ಲಿಲ್ಲ!”

ಒಳಗೆ ಕೈಚೀಲದ ಜಿಪ್ಪು ಎಳೆದ ಸದ್ದಾಯಿತು. ಆಮೇಲೆ ಬಾಗಿಲ ಕೆಳಗಿನ ಸಂದಿಯಿಂದ ಬಿಲ್ಲೆ ಜಾರಿ ಬಂದು ಅವನ ಬೂಟಿಗೆ ತಾಗಿ ನಿಂತಿತು.

“ತಗೋ. ಈಗ ಪೂರ್ತಿ ಸಾರ್ವಜನಿಕಳೇ ಆದೆ,” ಎಂದಳು. ಬಾಡಿಗೆಯ ನೆನಪಾಗಿತ್ತು, ಭಯವಾಗಿತ್ತು. ಆದರೂ ಏಳಲಿಲ್ಲ.

“ಸಭೆ ಮುಗೀತು,” ಎಂದ ಥ್ರಾಶರ್. “ನಡೀರಿ ಎಲ್ಲರೂ.”

“ಮಾತಾಡೋರು ಮುಗಿಯೋವರೆಗೆ ಮುಗಿಸೋ ಹಾಗಿಲ್ಲ ಸಾರ್, ನಮ್ಮದೇ ನಿಯಮ,” ಎಂದಳು ಪ್ರೂಡೆನ್ಸ್. “ಇನ್ನೂ ಯಾರಾದ್ರೂ ಇದೀರಾ?”

ಮಾತು ಬಾಗಿಲಾಚೆಗೂ ಕೇಳಿಸಿತು. ನೆಲ ತಿಕ್ಕುತ್ತಿದ್ದ ಕೈಗಳು ನಿಂತವು. ಮೊದಲು ಟ್ವೈಲಾ ಬಂದಳು. ಅವಳ ಹಿಂದೆ ಅಡುಗೆಮನೆಯ ಪಾತ್ರೆಯವರು, ಕಸದ ಗಾಡಿಯವರು ಗೂಡುಗಳ ಮುಂದೆ ಸಾಲು ನಿಂತರು. ಎವಾರಿಸ್ತೊ ಬಹಳ ಹೊತ್ತು ಗೋಡೆಗೊರಗಿಯೇ ಇದ್ದ. ಎಲ್ಲರಿಗಿಂತ ಹೆಚ್ಚು ಕಳೆದುಕೊಳ್ಳುವವನು ಅವನೇ. ಕೊನೆಗೆ ಸಮಿತಿಗೆಂದು ಇಟ್ಟಿದ್ದ ಜಗ್ಗಿನಿಂದ ಒಂದು ಲೋಟ ತಣ್ಣೀರು ಬಗ್ಗಿಸಿ, ಡ್ರೆನ್ನನ್ ಮುಖ ನೋಡುತ್ತಲೇ ಗಟಗಟ ಕುಡಿದು, ಸಾಲಿಗೆ ಬಂದು ನಿಂತ.

“ಕೆಲಸ ಬಿಟ್ಟು ಬಂದೋರಿಗೆಲ್ಲ ಇದೇ ಗತಿ!” ಡ್ರೆನ್ನನ್ ಬಿಲ್ಲೆ ಎತ್ತಿ ತೋರಿಸಿದ. ಸಾಲು ಕದಲಲಿಲ್ಲ. ಬಿಯರ್ ಕುಡಿದು ಉಚ್ಚೆಗೆ ಅವಸರವಾಗಿದ್ದ ಒಬ್ಬ ಸದಸ್ಯ ಕಾಲು ಬದಲಿಸುತ್ತ ಆ ಸಾಲಿನ ಕೊನೆಗೇ ಹೋಗಿ ನಿಲ್ಲಬೇಕಾಯಿತು.

ಟ್ವೈಲಾ ಪಕ್ಕದ ಗೂಡಿನ ಮುಂದೆ ಬಂದಳು. ಕೈಯಲ್ಲಿ ಕೊಳೆನೀರು ತೊಟ್ಟಿಕ್ಕುವ ಮಾಪಿತ್ತು. ಅದನ್ನು ಒಳಗೆ ಒಯ್ಯುವುದೆಲ್ಲಿ? ಅತ್ತಿತ್ತ ನೋಡಿ, ಎದುರಿಗಿದ್ದ ಥ್ರಾಶರನ ಕಡೆ ಚಾಚಿದಳು.

“ಒಸಿ ಹಿಡ್ಕಳ್ಳಿ ಸಾರ್.”

ಕಾರು ಮಾರಿ ಬದುಕುವವನಿಗೆ, ಎದುರಿನವರು ಏನು ಚಾಚಿದರೂ ಕೈ ತಾನಾಗಿ ಮುಂದೆ ಹೋಗುತ್ತದೆ. ಥ್ರಾಶರ್ ಹಿಡಿದುಕೊಂಡ. ಟ್ವೈಲಾ ಒಳಹೊಕ್ಕು ಚಿಲಕ ಹಾಕಿದಳು. ಪತ್ರಿಕೆಯವನು ಫೋಟೋ ತೆಗೆದ. ಅಧ್ಯಕ್ಷರು ಮಾಪು ಹಿಡಿದರೆಂದು ಪ್ರೂಡೆನ್ಸ್ ನಡಾವಳಿಯಲ್ಲಿ ಬರೆದುಕೊಂಡು, ಟ್ವೈಲಾಳ ಗೂಡಿನ ಬಾಗಿಲು ತಟ್ಟಿ, “ನಿಮ್ಮ ಹೆಸರು?” ಎಂದು ಕೇಳಿದಳು.